ಲೆಕ್ಕದಲ್ಲಿ ಕಂಡ 86 ಹರ್ಟ್ಸ್ ಮೋಟಾರಿನಲ್ಲಿ ಏಕೆ ಕಾಣುವುದಿಲ್ಲ?

ಪ್ರಶ್ನೆ: ನಾನು ಉಡುಪಿ ಸಮೀಪದ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಓದುತ್ತಿದ್ದೇನೆ. ಪ್ರಾಜೆಕ್ಟಿಗಾಗಿ ಮೀನುಗಾರಿಕಾ ಬಂದರು ಮಲ್ಪೆಯ ಒಂದು ಐಸ್ ಪ್ಲಾಂಟಿನಲ್ಲಿ ಕಂಡೆನ್ಸರಿಗೆ ನೀರು ಹಾಯಿಸುವ ಪಂಪಿನ ಮೋಟಾರನ್ನು ಆರಿಸಿಕೊಂಡಿದ್ದೇನೆ. ಮೋಟಾರು 2 ಎಚ್‌ಪಿ, 1440 ಆರ್‌ಪಿಎಂ, ಬೇರಿಂಗ್ 6205 ಎಂಬ ಗಾತ್ರದ್ದು. ಪಂಪಿನ ಕಡೆಯ ಬೇರಿಂಗ್ ಸದ್ದು ಮಾಡುತ್ತಿದೆ ಎಂದು ಅಲ್ಲಿಯ ಫಿಟ್ಟರ್ ಹೇಳುತ್ತಾರೆ. ಹೊರ ರೇಸಿನಲ್ಲಿ, ಅಂದರೆ ಗುಂಡುಗಳು ಉರುಳುವ ಹೊರಗಿನ ಬಳೆಯಲ್ಲಿ, 1 ಮಿ.ಮೀ. ಅಗಲ, ಅರ್ಧ ಮಿ.ಮೀ. ಆಳದ ಗುಳಿ ಇದೆಯೆಂದು ಭಾವಿಸಿ, ಒಂದು ದ್ರವ್ಯರಾಶಿ, ಒಂದು ಸ್ಪ್ರಿಂಗ್, ಕಂಪನ ತಣಿಸುವ ಒಂದು ಡ್ಯಾಂಪರ್ ಇರುವ ಗಣಿತದ ಮಾದರಿ ಮಾಡಿದೆ. ಲೆಕ್ಕದಲ್ಲಿ 86 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ 86 ಕಂಪನ) ಎದ್ದು ಕಾಣುವ ಗೆರೆ ಬರುತ್ತದೆ. ಆದರೆ ಮೋಟಾರಿನ ಫ್ಯಾನ್ ಕವರಿನ ಮೇಲೆ ಸೆನ್ಸರ್ ಅಂಟಿಸಿ, ಸೆಕೆಂಡಿಗೆ 1000 ಸ್ಯಾಂಪಲ್‌ಗಳಂತೆ ಅಳೆದಾಗ 24, 48 ಮತ್ತು 100 ಹರ್ಟ್ಸ್ ಬಿಟ್ಟರೆ ಏನೂ ಕಾಣುವುದಿಲ್ಲ. ನನ್ನ ಮಾದರಿ ತಪ್ಪೇ, ಅಥವಾ ಬೇರಿಂಗ್ ಸರಿಯಾಗಿಯೇ ಇದೆಯೇ? ಗುಳಿಯ ಗಾತ್ರವನ್ನು ಕಂಪನದಿಂದ ಹೇಳಲು ಸಾಧ್ಯವೇ? ಮಾದರಿಯ ಗೊಡವೆಯೇ ಬೇಡ, ಮಷಿನ್ ಲರ್ನಿಂಗ್ ಸಾಕು ಎಂದು ಗೆಳೆಯರು ಹೇಳುತ್ತಾರೆ, ಅದು ನಿಜವೇ?

ಉತ್ತರ: ಬೇರಿಂಗ್ ಸರಿಯಿದೆ ಎಂದು ನಿಮ್ಮ ಅಳತೆಯಿಂದ ಹೇಳಲಾಗದು, ಕೆಟ್ಟಿದೆ ಎಂದೂ ಹೇಳಲಾಗದು. ಸದ್ಯಕ್ಕೆ ಫಿಟ್ಟರ್ ಹೇಳಿದ್ದನ್ನೇ ನಂಬುವುದು ಕ್ಷೇಮ. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ. ನಿಮ್ಮ 86 ಹರ್ಟ್ಸ್ ಲೆಕ್ಕ ಮಾತ್ರ ಸರಿಯಾಗಿದೆ. ಉಳಿದದ್ದರಲ್ಲಿ ನಾಲ್ಕು ಕಡೆ ತಿದ್ದುಪಡಿ ಬೇಕಾಗಿದ್ದು, ಮೂರು ನಿಮ್ಮ ಮಾದರಿಗೆ, ಒಂದು ನಿಮ್ಮ ಅಳತೆಗೆ ಸಂಬಂಧಿಸಿದವು.

ಮೊದಲು ಆ ಲೆಕ್ಕವನ್ನು ಇತರ ಓದುಗರಿಗಾಗಿ ಒಮ್ಮೆ ಹೇಳಿಬಿಡುತ್ತೇನೆ. 6205 ಬೇರಿಂಗಿನಲ್ಲಿ ಸಾಮಾನ್ಯವಾಗಿ 9 ಗುಂಡುಗಳಿರುತ್ತವೆ. ಒಂದೊಂದರ ವ್ಯಾಸ 7.94 ಮಿ.ಮೀ., ಗುಂಡುಗಳ ಕೇಂದ್ರಗಳು ಸುತ್ತುವ ವೃತ್ತದ ವ್ಯಾಸ 39.04 ಮಿ.ಮೀ. ಒಳ ರೇಸ್ ಶಾಫ್ಟಿನೊಂದಿಗೆ ತಿರುಗುತ್ತದೆ, ಹೊರ ರೇಸ್ ನಿಂತಿರುತ್ತದೆ, ನಡುವೆ ಗುಂಡುಗಳು ಉರುಳುತ್ತವೆ. ಆದ್ದರಿಂದ ಗುಂಡುಗಳನ್ನು ಹಿಡಿದಿರುವ ಕೇಜ್ ಶಾಫ್ಟಿನ ವೇಗದ ಅರ್ಧಕ್ಕಿಂತ ಸ್ವಲ್ಪ ಕಡಿಮೆ ವೇಗದಲ್ಲಿ, ಅಂದರೆ 0.398 ಪಟ್ಟು ವೇಗದಲ್ಲಿ ಸುತ್ತುತ್ತದೆ. ಶಾಫ್ಟ್ ಸೆಕೆಂಡಿಗೆ 24 ಸುತ್ತು ತಿರುಗಿದರೆ ಕೇಜ್ 9.56 ಸುತ್ತು. ಹೊರ ರೇಸಿನ ಒಂದು ಗುಳಿಯ ಮೇಲೆ ಕೇಜಿನ ಪ್ರತಿ ಸುತ್ತಿಗೆ 9 ಗುಂಡುಗಳು ಹಾಯುವುದರಿಂದ ಸೆಕೆಂಡಿಗೆ 86 ಪೆಟ್ಟು. ಗುಳಿ ಒಳ ರೇಸಿನಲ್ಲಿದ್ದರೆ ಅದು ಗುಂಡುಗಳನ್ನು ಹಿಂದೆ ಹಾಕುತ್ತ ಓಡುವುದರಿಂದ ಸೆಕೆಂಡಿಗೆ 130 ಪೆಟ್ಟು. ಗುಂಡಿನ ಮೇಲೆಯೇ ಗುಳಿ ಇದ್ದು, ಅದು ಒಮ್ಮೆ ಒಳ ರೇಸಿಗೆ, ಒಮ್ಮೆ ಹೊರ ರೇಸಿಗೆ ತಾಗಿದರೆ 113.

ಇಲ್ಲಿಯವರೆಗೆ ಎಲ್ಲರೂ ಸರಿಯಾಗಿಯೇ ಬರುತ್ತಾರೆ. ಎಡವುವುದು ಮುಂದಿನ ಹೆಜ್ಜೆಯಲ್ಲಿ: ಸೆಕೆಂಡಿಗೆ 86 ಪೆಟ್ಟು ಬೀಳುತ್ತದೆ ಎಂದ ಮಾತ್ರಕ್ಕೆ 86 ಹರ್ಟ್ಸಿನ ಕಂಪನ ಹೊರಡುತ್ತದೆ ಎಂದು ತಿಳಿಯುವುದು. ಯಕ್ಷಗಾನದ ಚೆಂಡೆಯನ್ನು ನೆನಪಿಸಿಕೊಳ್ಳಿ. ಕೋಲು ಸೆಕೆಂಡಿಗೆ ಎಂಟೋ ಹತ್ತೋ ಸಲ ಬೀಳುತ್ತದೆ. ಆದರೆ ಗದ್ದೆಯಾಚೆಯ ಮನೆಗೆ ಕೇಳಿಸುವುದು ಎಂಟು ಹರ್ಟ್ಸಿನ ದನಿಯಲ್ಲ. ಎಂಟು ಹರ್ಟ್ಸ್ ಮನುಷ್ಯರ ಕಿವಿಗೆ ಕೇಳುವುದೇ ಇಲ್ಲ. ಕೇಳಿಸುವುದು ಬಿಗಿದು ಕಟ್ಟಿದ ಚರ್ಮದ ದನಿ, ಮತ್ತು ಆ ದನಿ ಏಳುವ, ಅಡಗುವ ಲಯದಿಂದ ನಾವು ಪೆಟ್ಟುಗಳನ್ನು ಎಣಿಸುತ್ತೇವೆ. ಬೇರಿಂಗಿನಲ್ಲೂ ಹೀಗೆಯೇ. ಗುಂಡು ಗುಳಿಯ ಅಂಚಿಗೆ ಬಡಿದಾಗ ರೇಸ್, ಅದು ಕೂತಿರುವ ಹೌಸಿಂಗ್, ಮೋಟಾರಿನ ತುದಿಯ ಮುಚ್ಚಳವಾದ ಎಂಡ್ ಶೀಲ್ಡ್ ಇವೆಲ್ಲ ತಮ್ಮ ತಮ್ಮ ಸಹಜ ಆವೃತ್ತಿಯಲ್ಲಿ, ಅಂದರೆ ಕೆಲವು ಸಾವಿರ ಹರ್ಟ್ಸ್‌ಗಳಲ್ಲಿ, ಒಮ್ಮೆ ಝಣಗುಟ್ಟಿ ಅಡಗುತ್ತವೆ. 86 ಎಂಬುದು ಆ ಝಣಕಾರಗಳ ಎಣಿಕೆ.

ಹಾಗಾದರೆ ನಿಮ್ಮ ಮಾದರಿಯಲ್ಲಿ 86ರ ಗೆರೆ ಅಷ್ಟು ಸ್ಪಷ್ಟವಾಗಿ ಹೇಗೆ ಬಂತು? ನೀವು ಬಹುಶಃ ಮಾದರಿಯಿಂದ ದ್ರವ್ಯರಾಶಿಯ ಸ್ಥಾನಾಂತರವನ್ನು, ಅಂದರೆ ಅದು ಎಷ್ಟು ಸರಿಯಿತು ಎಂಬುದನ್ನು, ತೆಗೆದು ಅದರ ಸ್ಪೆಕ್ಟ್ರಮ್ (ಯಾವ ಆವೃತ್ತಿಯಲ್ಲಿ ಎಷ್ಟು ಕಂಪನವಿದೆ ಎಂಬ ಚಿತ್ರ) ಬಿಡಿಸಿದ್ದೀರಿ. ಮೋಟಾರಿನ ಮೇಲೆ ಇಟ್ಟ ಸೆನ್ಸರ್ ಅಳೆಯುವುದು ವೇಗೋತ್ಕರ್ಷವನ್ನು, ಅಂದರೆ ವೇಗ ಬದಲಾಗುವ ದರವನ್ನು. ಇವೆರಡರ ನಡುವೆ ಆವೃತ್ತಿಯ ವರ್ಗದಷ್ಟು ಅಂತರವಿದೆ. ನಿಮ್ಮ ಮಾದರಿಯ ಸಹಜ ಆವೃತ್ತಿ 3000 ಹರ್ಟ್ಸ್ ಎಂದಿಟ್ಟುಕೊಳ್ಳಿ. 3000ವನ್ನು 86ರಿಂದ ಭಾಗಿಸಿ ವರ್ಗ ಮಾಡಿದರೆ ಸುಮಾರು 1200 ಬರುತ್ತದೆ. ಅಂದರೆ ಸ್ಥಾನಾಂತರದ ಚಿತ್ರದಲ್ಲಿ ಸಮಸಮವಾಗಿ ಕಾಣುವ ಎರಡು ಗೆರೆಗಳಲ್ಲಿ 86 ಹರ್ಟ್ಸಿನದು ವೇಗೋತ್ಕರ್ಷದ ಚಿತ್ರದಲ್ಲಿ 1200 ಪಟ್ಟು ಕುಗ್ಗಿಹೋಗುತ್ತದೆ. ಅಷ್ಟು ಸಣ್ಣದು ಪಂಪಿನ ನೀರಿನ ಸದ್ದಿನೊಳಗೆ ಮುಳುಗದೆ ಇನ್ನೇನಾಗಬೇಕು? ಮೊದಲ ತಿದ್ದುಪಡಿ ಇದೇ: ಮಾದರಿಯಿಂದಲೂ ವೇಗೋತ್ಕರ್ಷವನ್ನೇ ತೆಗೆಯಿರಿ. ಹೋಲಿಸುವ ಎರಡು ವಸ್ತುಗಳು ಒಂದೇ ಜಾತಿಯವಾಗಿರಬೇಕು ಎಂಬುದು ಸರಳ ಮಾತು, ಆದರೆ ನಾನು ನೋಡಿದ ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಅತಿ ಹೆಚ್ಚು ಸಲ ತಪ್ಪುವುದೂ ಇದೇ.

ಎರಡನೆಯ ತಿದ್ದುಪಡಿ ಜಾರುವಿಕೆಯದು. ನೀವು ಪೆಟ್ಟುಗಳನ್ನು ಗಡಿಯಾರದಂತೆ ಸಮಾನ ಅಂತರದಲ್ಲಿ ಇಟ್ಟಿದ್ದೀರಿ. ನಿಜವಾದ ಬೇರಿಂಗಿನಲ್ಲಿ ಗುಂಡುಗಳು ಪೂರ್ತಿಯಾಗಿ ಉರುಳುವುದಿಲ್ಲ. ಭಾರ ಬೀಳುವ ಭಾಗದಿಂದ ಹೊರಬಂದಾಗ ಸ್ವಲ್ಪ ಹಿಂದುಳಿಯುತ್ತವೆ, ಒಳಹೋದಾಗ ಮತ್ತೆ ಎಳೆಯಲ್ಪಡುತ್ತವೆ, ಕೇಜಿನ ಕಿಂಡಿಯಲ್ಲಿರುವ ಸಡಿಲದಷ್ಟು ಅತ್ತಿತ್ತ ಆಡುತ್ತವೆ. ಇದರಿಂದ ಎರಡು ಪರಿಣಾಮಗಳಾಗುತ್ತವೆ. ಒಂದು, ಅಳೆದ ಸಂಖ್ಯೆ ಸೂತ್ರದ ಸಂಖ್ಯೆಗಿಂತ ಶೇಕಡಾ 1ರಿಂದ 2ರಷ್ಟು ಆಚೀಚೆ ಇರುತ್ತದೆ. 86ಕ್ಕೆ ಸರಿಯಾಗಿ ಅಲ್ಲಿಯೇ ಕಣ್ಣು ನೆಟ್ಟು ಕೂರಬಾರದು. ಇನ್ನೊಂದು ಹೆಚ್ಚು ಮುಖ್ಯವಾದದ್ದು. ಎರಡು ಪೆಟ್ಟುಗಳ ನಡುವಿನ ಕಾಲ 11.6 ಮಿಲಿಸೆಕೆಂಡ್; ಅದರ ಶೇಕಡಾ 1 ಎಂದರೆ 0.116 ಮಿಲಿಸೆಕೆಂಡ್. 86 ಹರ್ಟ್ಸಿನ ದೃಷ್ಟಿಯಿಂದ ಇದು ಲೆಕ್ಕಕ್ಕಿಲ್ಲ, ಆದರೆ 3000 ಹರ್ಟ್ಸಿನ ಒಂದು ಪೂರ್ಣ ಆಂದೋಲನಕ್ಕೆ ಹಿಡಿಯುವುದೇ 0.333 ಮಿಲಿಸೆಕೆಂಡ್. ಅಲ್ಲಿಗೆ ಒಂದೊಂದು ಪೆಟ್ಟಿಗೂ ಮೂರನೇ ಒಂದು ಆಂದೋಲನದಷ್ಟು ಹಿಂದುಮುಂದಾಗುತ್ತದೆ. ಕೆಲವೇ ಪೆಟ್ಟುಗಳಲ್ಲಿ ಹೊಂದಾಣಿಕೆ ಪೂರ್ತಿ ಅಳಿಸಿಹೋಗಿ, 3000ದ ಆಸುಪಾಸಿನಲ್ಲಿ 86ರ ಅಂತರದಲ್ಲಿ ನಿಲ್ಲಬೇಕಾಗಿದ್ದ ಗೆರೆಗಳ ಸಾಲು ಕರಗಿ ಒಂದು ದಿಬ್ಬವಾಗುತ್ತದೆ. ಸಾಮಾನ್ಯ ಸ್ಪೆಕ್ಟ್ರಮ್‌ನಲ್ಲಿ ಆ ದಿಬ್ಬವನ್ನು ಕಂಡವರು ಅದನ್ನು ಗದ್ದಲವೆಂದೇ ತಿಳಿಯುತ್ತಾರೆ.

ಮಾದರಿಯಲ್ಲಿ ಇದನ್ನು ತರುವಾಗ ಒಂದು ಎಚ್ಚರಿಕೆ. ಸಮಾನ ಅಂತರದ ಗುರುತುಗಳನ್ನು ಇಟ್ಟುಕೊಂಡು ಒಂದೊಂದು ಪೆಟ್ಟನ್ನು ಅದರ ಗುರುತಿನ ಆಚೀಚೆ ಸರಿಸಬೇಡಿ. ಪ್ರತಿ ಪೆಟ್ಟಿನ ಅಂತರವನ್ನೇ ಯಾದೃಚ್ಛಿಕವಾಗಿ ತೆಗೆದುಕೊಂಡು ಹಿಂದಿನ ಪೆಟ್ಟಿಗೆ ಕೂಡಿಸುತ್ತ ಹೋಗಿ. ಗುಂಡು ಒಮ್ಮೆ ಜಾರಿದರೆ ಜಾರಿದ್ದೇ. ಅದು ಮತ್ತೆ ಯಾವುದೋ ಗಡಿಯಾರಕ್ಕೆ ಹೊಂದಿಕೊಳ್ಳಲು ಓಡುವುದಿಲ್ಲ. ಮ್ಯಾಕ್‌ಫ್ಯಾಡನ್ ಮತ್ತು ಸ್ಮಿತ್ 1984ರಲ್ಲಿ ಪ್ರಕಟಿಸಿದ, ಇಂದಿಗೂ ಎಲ್ಲರೂ ಆರಂಭಿಸುವ ಮಾದರಿಯಲ್ಲಿ ಪೆಟ್ಟುಗಳು ಸಮಾನ ಅಂತರದವು. ಈ ಜಾರುವಿಕೆಯನ್ನು ಅಂತರಗಳ ಮೊತ್ತವಾಗಿ ನೋಡಬೇಕೆಂಬುದನ್ನು ಮುಂದೆ ಆಂಟನಿ ಮತ್ತು ರ‍್ಯಾಂಡಲ್ ಬಿಡಿಸಿ ತೋರಿಸಿದರು. ಮಾದರಿಯಲ್ಲಿ ಈ ಒಂದು ಬದಲಾವಣೆ ಮಾಡಿದ ಕೂಡಲೇ ನಿಮ್ಮ ಲೆಕ್ಕದ ಚಿತ್ರ ಮೋಟಾರಿನ ಚಿತ್ರದಷ್ಟೇ ಗೊಂದಲಮಯವಾಗುತ್ತದೆ. ಅದು ಒಳ್ಳೆಯ ಲಕ್ಷಣ.

ಇನ್ನು ಅಳತೆ. ಫ್ಯಾನ್ ಕವರ್ ತೆಳು ತಗಡಿನದು, ಅದೂ ಮೋಟಾರಿನ ಹಿಂಬದಿಯಲ್ಲಿರುವುದು. ಸದ್ದು ಮಾಡುತ್ತಿರುವ ಬೇರಿಂಗ್ ಪಂಪಿನ ಕಡೆಯದು. ತಗಡು ತನ್ನದೇ ರಾಗ ಹಾಡುತ್ತದೆ, ಬೇರಿಂಗಿನ ಸಣ್ಣ ಝಣಕಾರ ಅಲ್ಲಿಗೆ ತಲುಪುವ ಹೊತ್ತಿಗೆ ಉಳಿದಿರುವುದಿಲ್ಲ. ಸ್ಯಾಂಪಲಿಂಗ್ ವಿಚಾರ ಇನ್ನೂ ಗಂಭೀರವಾದದ್ದು. ಗುಂಡು ಹೊರ ರೇಸಿನ ಮೇಲೆ ಎಷ್ಟು ವೇಗವಾಗಿ ಓಡುತ್ತದೆ ಎಂದು ಲೆಕ್ಕ ಹಾಕಿ ನೋಡಿ: ರೇಸಿನ ವ್ಯಾಸ ಸುಮಾರು 47 ಮಿ.ಮೀ., ಸುತ್ತಳತೆ 147.6 ಮಿ.ಮೀ., ಸೆಕೆಂಡಿಗೆ 9.56 ಸುತ್ತು, ಒಟ್ಟು ಸೆಕೆಂಡಿಗೆ 1.41 ಮೀಟರ್. ನೀವು ಊಹಿಸಿದ 1 ಮಿ.ಮೀ. ಗುಳಿಯನ್ನು ಅದು 0.71 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ನಿಮ್ಮ ಸೆನ್ಸರ್ ಕಣ್ಣು ತೆರೆಯುವುದು ಮಿಲಿಸೆಕೆಂಡಿಗೆ ಒಮ್ಮೆ. ಎರಡು ಸ್ಯಾಂಪಲ್‌ಗಳ ನಡುವಿನ ಕತ್ತಲೆಯಲ್ಲಿ ಗುಂಡು ಗುಳಿಗೆ ಇಳಿದು, ಅಂಚಿಗೆ ಬಡಿದು, ಮೇಲೆದ್ದು ಹೋಗಿಯೇ ಬಿಟ್ಟಿರುತ್ತದೆ. ಸೆಕೆಂಡಿಗೆ 1000 ಸ್ಯಾಂಪಲ್‌ಗಳಲ್ಲಿ 500 ಹರ್ಟ್ಸ್‌ಗಿಂತ ಮೇಲಿನದು ಏನೂ ಸರಿಯಾಗಿ ದಾಖಲಾಗದು. ನಮಗೆ ಬೇಕಾದದ್ದು ಇರುವುದೆಲ್ಲ ಅದರ ಮೇಲೆಯೇ. ವಿದ್ಯಾರ್ಥಿಗಳು ಹೆಚ್ಚಾಗಿ ಬಳಸುವ ಎಡಿಎಕ್ಸ್‌ಎಲ್345 ಎಂಬ ಅಗ್ಗದ ಸೆನ್ಸರ್ ಕೂಡ ತನ್ನ ಗರಿಷ್ಠ ವೇಗದಲ್ಲಿ ಸೆಕೆಂಡಿಗೆ 3200 ಸ್ಯಾಂಪಲ್ ಕೊಡುತ್ತದೆ, ಅಂದರೆ 1600 ಹರ್ಟ್ಸ್‌ವರೆಗೆ. ಇದಕ್ಕೂ ಅದು ಸಾಲದು. ಕಾಲೇಜಿನ ಪ್ರಯೋಗಾಲಯದಲ್ಲಿ ಹೆಚ್ಚು ಆವೃತ್ತಿಯನ್ನು ಅಳೆಯಬಲ್ಲ ಪೈಜೋ ಸೆನ್ಸರ್ ಇರಬಹುದು. ಅದನ್ನು ಕೇಳಿ ಪಡೆದು, ಕನಿಷ್ಠ 20,000 ಸ್ಯಾಂಪಲ್ ವೇಗದಲ್ಲಿ, ಪಂಪಿನ ಕಡೆಯ ಎಂಡ್ ಶೀಲ್ಡಿನ ಎರಕದ ಮೇಲೆ, ಬೇರಿಂಗಿಗೆ ಆದಷ್ಟು ಹತ್ತಿರ ಇಡಿ. ಆ ಜಾಗದ ಪೇಂಟನ್ನು ಉಜ್ಜಿ ತೆಗೆಯಿರಿ. ಸ್ಟಡ್ ಹಾಕಲು ಮಾಲೀಕರು ಬಿಡದಿದ್ದರೆ ಗಟ್ಟಿಯಾಗುವ ಅಂಟು ಹಾಕಿ. ಮ್ಯಾಗ್ನೆಟ್ ಕೊನೆಯ ಆಯ್ಕೆ, ಕೈಯಲ್ಲಿ ಒತ್ತಿ ಹಿಡಿಯುವುದು ಆಯ್ಕೆಯೇ ಅಲ್ಲ.

ಫಿಟ್ಟರನ್ನು ನಂಬಿ ಎಂದು ಹೇಳಿದೆನಲ್ಲ, ಅದಕ್ಕೆ ಕಾರಣ ಇಲ್ಲಿದೆ. ಹಲವು ವರ್ಷಗಳ ಹಿಂದೆ ಮಂಗಳೂರಿನ ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ನಾನು ಹೊಸದಾಗಿ ಬಂದ ಕಂಪನ ಮೀಟರ್ ಹಿಡಿದುಕೊಂಡು ಒಂದು ಬ್ಲೋವರಿನ ಮೋಟಾರಿಗೆ ಸರ್ಟಿಫಿಕೇಟ್ ಕೊಡಲು ಹೋಗಿದ್ದೆ. ಓದಿಕೆ ಸೆಕೆಂಡಿಗೆ 1.2 ಮಿ.ಮೀ. ಬಂತು. ಐಎಸ್‌ಒ 10816 ಎಂಬ ಆಗಿನ ಅಂತರರಾಷ್ಟ್ರೀಯ ಮಾನದಂಡದಲ್ಲಿ 15 ಕಿಲೋವ್ಯಾಟ್‌ವರೆಗಿನ ಚಿಕ್ಕ ಯಂತ್ರಗಳಿಗೆ 1.8ರವರೆಗೆ ಚಿಂತೆಯಿರಲಿಲ್ಲ. ಅಲ್ಲಿಯ ಹಿರಿಯ ಫಿಟ್ಟರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಡ್ ಶೀಲ್ಡಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಸ್ವಲ್ಪ ಹೊತ್ತು ನಿಂತು, "ಮೀಟರ್ ಸುಮ್ಮನೆ ಉಂಟು ಸರ್, ಬೇರಿಂಗ್ ಸುಮ್ಮನೆ ಇಲ್ಲ" ಎಂದರು. ನಾನು ನಕ್ಕೆ. ಎರಡು ವಾರದೊಳಗೆ ಅದನ್ನು ಬಿಚ್ಚಬೇಕಾಯಿತು. ಹೊರ ರೇಸಿನಲ್ಲಿ ಎಳ್ಳಿನ ಗಾತ್ರದ ಗುಳಿಯಿತ್ತು.

ಮೀಟರ್ ಸುಳ್ಳು ಹೇಳಿರಲಿಲ್ಲ. ಅದು 10ರಿಂದ 1000 ಹರ್ಟ್ಸ್‌ವರೆಗಿನ ಕಂಪನದ ವೇಗವನ್ನು ಅಳೆಯುವಂಥದ್ದು; ಸಮತೋಲನ ತಪ್ಪಿದ್ದನ್ನು, ಕಪ್ಲಿಂಗ್ ಜೋಡಣೆ ಓರೆಯಾದದ್ದನ್ನು ಹಿಡಿಯಲು ಹೇಳಿಮಾಡಿಸಿದ್ದು. 3000 ಹರ್ಟ್ಸಿನಲ್ಲಿ 1 ಜಿ (ಭೂಮಿಯ ಗುರುತ್ವದಷ್ಟು) ವೇಗೋತ್ಕರ್ಷ ಇದ್ದರೂ ಅದರ ವೇಗ ಸೆಕೆಂಡಿಗೆ ಅರ್ಧ ಮಿ.ಮೀ. ಮಾತ್ರ, ಅದೂ ಆ ಮೀಟರಿನ ವ್ಯಾಪ್ತಿಯ ಹೊರಗೆ. ಅದೇ ಅರ್ಧ ಮಿ.ಮೀ. ವೇಗಕ್ಕೆ 24 ಹರ್ಟ್ಸಿನಲ್ಲಿ 0.008 ಜಿ ಸಾಕು. ಸ್ಕ್ರೂಡ್ರೈವರಿನ ಉಕ್ಕು ಸಾವಿರಾರು ಹರ್ಟ್ಸಿನ ಝಣಕಾರವನ್ನು ಹಾಗೆಯೇ ಕಿವಿಗೆ ಒಯ್ಯುತ್ತದೆ, ಕಿವಿ ಅದರ ಏರಿಳಿತದ ಲಯವನ್ನು ಹಿಡಿಯುತ್ತದೆ. ನಾವು ಎನ್ವಲಪ್ ವಿಶ್ಲೇಷಣೆ ಎಂದು ಕರೆಯುವುದು ಇದನ್ನೇ.

ಅದನ್ನು ಕಂಪ್ಯೂಟರಿನಲ್ಲಿ ಮಾಡುವ ಕ್ರಮ ಹೀಗೆ. ಮೊದಲು ಝಣಕಾರ ಇರುವ ಪಟ್ಟಿಯನ್ನು ಮಾತ್ರ, ಉದಾಹರಣೆಗೆ 2500ರಿಂದ 3500 ಹರ್ಟ್ಸ್, ಬ್ಯಾಂಡ್‌ಪಾಸ್ ಫಿಲ್ಟರಿನಿಂದ ಉಳಿಸಿಕೊಳ್ಳಬೇಕು. 24, 48, 100 ಹರ್ಟ್ಸಿನ ಅಬ್ಬರವೆಲ್ಲ ಅಲ್ಲಿಗೇ ತೊಲಗುತ್ತದೆ. ಉಳಿದ ಸಿಗ್ನಲ್ಲಿಗೆ ಹಿಲ್ಬರ್ಟ್ ಪರಿವರ್ತನೆ ಎಂಬ ಗಣಿತದ ಕ್ರಿಯೆ ಮಾಡಿ ಅದರ ಹೊರ ಅಂಚನ್ನು (ಎನ್ವಲಪ್) ತೆಗೆದು, ಆ ಅಂಚಿನ ವರ್ಗದ ಸ್ಪೆಕ್ಟ್ರಮ್ ಬಿಡಿಸಬೇಕು. 86 ಕಾಣಬೇಕಾದದ್ದು ಈ ಎರಡನೆಯ ಸ್ಪೆಕ್ಟ್ರಮ್‌ನಲ್ಲಿ, ತನ್ನ ಜೊತೆಗೆ 172, 258ರ ಗೆರೆಗಳನ್ನೂ ಕರೆದುಕೊಂಡು. ಜಾರುವಿಕೆ 3000ದ ಗೆರೆಗಳನ್ನು ಅಳಿಸಿದರೂ ಎಣಿಕೆಯನ್ನು ಅಳಿಸಲಾರದು ಎಂಬುದೇ ಇಲ್ಲಿಯ ಉಪಾಯ. ಯಾವ ಪಟ್ಟಿಯನ್ನು ಆರಿಸಬೇಕೆಂಬುದು ಹಳೆಯ ತಲೆನೋವು. ಕರ್ಟೋಸಿಸ್ ಎಂಬ ಅಳತೆ ಸಿಗ್ನಲ್ಲಿನಲ್ಲಿ ಚೂಪಾದ ಪೆಟ್ಟುಗಳು ಎಷ್ಟಿವೆ ಎಂದು ಹೇಳುತ್ತದೆ: ಬರೀ ಗದ್ದಲಕ್ಕೆ ಅದರ ಬೆಲೆ 3, ಪೆಟ್ಟುಗಳಿದ್ದರೆ ಅದಕ್ಕಿಂತ ಹೆಚ್ಚು. ಅದನ್ನು ಒಂದೊಂದು ಪಟ್ಟಿಗೂ ಬೇರೆಬೇರೆಯಾಗಿ ಹಾಕಿ ನೋಡಿ ಅತಿ ಹೆಚ್ಚು ಬಂದ ಪಟ್ಟಿಯನ್ನು ಆರಿಸುವ ಕರ್ಟೋಗ್ರಾಮ್ ಪದ್ಧತಿಯನ್ನು ಆಂಟನಿ ಬಳಕೆಗೆ ತಂದರು. ಅದು ಎಲ್ಲಾದರೂ ಒಂದೇ ಒಂದು ಸಲ ಸ್ಪಾನರ್ ಬಿದ್ದ ಸದ್ದಿಗೂ ಮರುಳಾಗುತ್ತದೆ ಎಂಬುದು ನೆನಪಿರಲಿ. ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆಯ ಡಬ್ಬಿಗಳನ್ನು ಎತ್ತಿ ಕುಕ್ಕುವ ಹೊತ್ತಿನಲ್ಲಿ ಅಳೆಯಬೇಡಿ.

ಮಾದರಿ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲಿಂದ ಮುಂದೆ. 86 ಕಂಡರೆ ಹೊರ ರೇಸ್ ಎನ್ನಲು ಮಾದರಿ ಬೇಕಿಲ್ಲ, ಸೂತ್ರ ಸಾಕು. ಆದರೆ ನಿಮ್ಮ ಮೋಟಾರಿನ ಎನ್ವಲಪ್ ಸ್ಪೆಕ್ಟ್ರಮ್‌ನಲ್ಲಿ 100ರ ಸುತ್ತಮುತ್ತ ಎಷ್ಟು ಗೆರೆಗಳು ಗುಂಪು ಸೇರಬಹುದು ನೋಡಿ. ವಿದ್ಯುತ್ತಿನ 50 ಹರ್ಟ್ಸಿನ ಎರಡರಷ್ಟಾದ 100 ಇದೆ. ಶಾಫ್ಟಿನ ನಾಲ್ಕನೆಯ ಗುಣಕ 96 ಇದೆ. ಒಳ ರೇಸಿನ ಗುಳಿಯಾದರೆ ಅದು ಶಾಫ್ಟಿನೊಂದಿಗೆ ಸುತ್ತುತ್ತ ಒಮ್ಮೆ ಭಾರದ ಭಾಗಕ್ಕೆ ಬರುತ್ತದೆ, ಒಮ್ಮೆ ಹೊರಗೆ ಹೋಗುತ್ತದೆ. ಪೆಟ್ಟುಗಳು ಸೆಕೆಂಡಿಗೆ 24 ಸಲ ಜೋರಾಗಿ ಮೆತ್ತಗಾಗುವುದರಿಂದ 130ರ ಎರಡೂ ಬದಿಗೆ 106 ಮತ್ತು 154ರಲ್ಲಿ ಸೈಡ್‌ಬ್ಯಾಂಡ್‌ಗಳು, ಅಂದರೆ ಪಕ್ಕದ ಗೆರೆಗಳು, ಏಳುತ್ತವೆ. ಗುಂಡಿನ ಗುಳಿಯಾದರೆ 113ರ ಬದಿಗಳಲ್ಲಿ ಕೇಜಿನ ವೇಗದ ಅಂತರದಲ್ಲಿ 103.5 ಮತ್ತು 122.7. ಇಷ್ಟು ಹತ್ತಿರದ ಗೆರೆಗಳನ್ನು ಬೇರ್ಪಡಿಸಲು ಒಂದು ಸೆಕೆಂಡಿನ ದಾಖಲೆ ಸಾಲದು, ಹತ್ತು ಸೆಕೆಂಡಾದರೂ ಬೇಕು. ಮತ್ತು ಶಾಫ್ಟಿನ ವೇಗವನ್ನು ಅಳೆದೇ ತಿಳಿಯಬೇಕು. 1440 ಎಂಬುದು ಪೂರ್ಣ ಭಾರದಲ್ಲಿನ ವೇಗ. ಪಂಪಿನ ಮೇಲೆ ಭಾರ ಕಡಿಮೆಯಿದ್ದು 1465ರಲ್ಲಿ ಓಡುತ್ತಿದ್ದರೆ ನಿಮ್ಮ 86 ಎಂಬುದು 87.5 ಆಗಿರುತ್ತದೆ.

ಭಾರ ಹೇಗೆ ಹಂಚಿಹೋಗುತ್ತದೆ ಎಂಬುದನ್ನು ಮಾದರಿಯೊಳಗೆ ತಂದರೆ ಈ ಸೈಡ್‌ಬ್ಯಾಂಡ್‌ಗಳು ತಾವಾಗಿಯೇ ಬರುತ್ತವೆ. ಜರ್ಮನಿಯ ವಿಜ್ಞಾನಿ ಹರ್ಟ್ಸ್ 1880ರ ದಶಕದಲ್ಲಿ ಕೊಟ್ಟ ಸಂಪರ್ಕ ಸಿದ್ಧಾಂತದ ಪ್ರಕಾರ, ಗುಂಡು ಒತ್ತಿದಷ್ಟೂ ಬಲ ಒತ್ತಿನ ಒಂದೂವರೆ ಘಾತದಲ್ಲಿ ಏರುತ್ತದೆ. ಆವೃತ್ತಿಯ ಮಾನಕ್ಕೆ ಹೆಸರು ಬಂದದ್ದೂ ಇದೇ ಮಹಾಶಯರಿಂದ. ಆ ಸಿದ್ಧಾಂತವನ್ನು ಗುಂಡುಗಳ ಸಾಲಿಗೆ ಅನ್ವಯಿಸಿದ ಸ್ಟ್ರೈಬೆಕ್, ಅತಿ ಹೆಚ್ಚು ಭಾರ ಹೊರುವ ಗುಂಡಿನ ಪಾಲು ಒಟ್ಟು ಭಾರದ ಐದು ಪಟ್ಟನ್ನು ಗುಂಡುಗಳ ಸಂಖ್ಯೆಯಿಂದ ಭಾಗಿಸಿದಷ್ಟು ಎಂಬ ಸುಲಭ ನಿಯಮವನ್ನು ಕೊಟ್ಟರು. 9 ಗುಂಡುಗಳಿದ್ದರೆ ಕೆಳಗಿನ ಒಂದೇ ಗುಂಡು ಅರ್ಧಕ್ಕಿಂತ ಹೆಚ್ಚು ಭಾರ ಹೊರುತ್ತದೆ, ಮೇಲಿನವು ಸುಮ್ಮನೆ ಜೊತೆಗೆ ಸುತ್ತುತ್ತವೆ. ಇದು ಅಡ್ಡ ಶಾಫ್ಟಿನ ಮಾತು. ಅದೇ ಪ್ಲಾಂಟಿನಲ್ಲಿ ಬ್ರೈನ್ (ಉಪ್ಪುನೀರು) ತೊಟ್ಟಿಯನ್ನು ಕಲಕುವ ಅಜಿಟೇಟರಿನ ಮೋಟಾರು ನೇರವಾಗಿ ನಿಂತಿದ್ದರೆ ಭಾರ ಎಲ್ಲ ಗುಂಡುಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿ, ಒಳ ರೇಸಿನ ಗುಳಿಗೂ ಸೈಡ್‌ಬ್ಯಾಂಡ್ ಬಹಳ ಸಣ್ಣದಾಗುತ್ತದೆ. ಪುಸ್ತಕದಲ್ಲಿ ಸೈಡ್‌ಬ್ಯಾಂಡ್ ಇರಬೇಕೆಂದು ಬರೆದಿದೆ, ಇಲ್ಲಿ ಇಲ್ಲ, ಆದ್ದರಿಂದ ಒಳ ರೇಸ್ ಸರಿಯಿದೆ ಎಂದು ತೀರ್ಮಾನಿಸುವವರನ್ನು ಮಾದರಿ ಇಲ್ಲಿ ತಡೆಯುತ್ತದೆ.

ಗುಳಿಯ ಗಾತ್ರದ ಪ್ರಶ್ನೆಗೆ ಬರೋಣ. ಮಾದರಿಯ ಮೂರನೆಯ ತಿದ್ದುಪಡಿಯೂ ಇದರಲ್ಲಿಯೇ ಇದೆ. ನೀವು ಅರ್ಧ ಮಿ.ಮೀ. ಆಳ ಹಾಕಿ, ಗುಂಡು ಅಷ್ಟು ಆಳಕ್ಕೂ ಬೀಳುವಂತೆ ಮಾಡಿದ್ದೀರಿ. ಸುಮಾರು 8 ಮಿ.ಮೀ. ವ್ಯಾಸದ ಗುಂಡು 1 ಮಿ.ಮೀ. ಅಗಲದ ಗುಳಿಯೊಳಗೆ ಎಷ್ಟು ಇಳಿಯಬಲ್ಲದು? ರಸ್ತೆಯ ಸಣ್ಣ ಹೊಂಡದ ಮೇಲೆ ಲಾರಿಯ ಚಕ್ರ ಹೋದಂತೆ, ಎರಡು ಅಂಚುಗಳ ಮೇಲೆ ಕೂತೇ ದಾಟುತ್ತದೆ. ರೇಸಿನ ಬಾಗನ್ನೂ ಸೇರಿಸಿ ಲೆಕ್ಕ ಹಾಕಿದರೆ ಇಳಿತ ಹೆಚ್ಚೆಂದರೆ 0.026 ಮಿ.ಮೀ. ಗುಳಿ ಅರ್ಧ ಮಿ.ಮೀ. ಆಳವಿರಲಿ, ಐದು ಮಿ.ಮೀ. ಇರಲಿ, ಗುಂಡಿಗೆ ಅದರ ತಳ ತಿಳಿಯುವುದೇ ಇಲ್ಲ. ಹಾಗಾಗಿ ಚಿಕ್ಕ ಗುಳಿಯ ಆಳವನ್ನು ಕಂಪನದಿಂದ ಹೇಳಲಾಗದು. ಹೇಳಬಹುದಾದದ್ದು ಉರುಳುವ ದಿಕ್ಕಿನ ಅಗಲವನ್ನು ಮಾತ್ರ.

ಅಗಲವನ್ನು ಹೇಳಲು ಪೆಟ್ಟಿನ ಜೋರನ್ನು ನಂಬಬೇಡಿ. ಜೋರು ಎನ್ನುವುದು ಸೆನ್ಸರ್ ಇಟ್ಟ ಜಾಗ, ಗ್ರೀಸು, ಭಾರ, ಎರಕದ ದಪ್ಪ ಎಲ್ಲದರ ಮೇಲೆ ನಿಂತಿದೆ. ಗುಳಿ ಬೆಳೆದಂತೆ ಅದರ ಅಂಚುಗಳು ಉರುಳಿ ಉರುಳಿ ನಯವಾಗಿ, ಪೆಟ್ಟು ಮೆತ್ತಗಾಗಿ, ಕರ್ಟೋಸಿಸ್ ಮತ್ತೆ 3ರ ಹತ್ತಿರಕ್ಕೆ ಇಳಿಯುವುದೂ ಉಂಟು. ಬೇರಿಂಗ್ ಗುಣವಾಯಿತೆಂದು ಸಂತೋಷಪಟ್ಟವರನ್ನು ನಾನು ಬಲ್ಲೆ. ನಂಬಬಹುದಾದದ್ದು ಕಾಲದ ಅಂತರ. ಗುಂಡು ಗುಳಿಯ ಮೊದಲ ಅಂಚಿಗೆ ಬಂದಾಗ ಅದರ ಮೇಲಿನ ಭಾರ ನಿಧಾನವಾಗಿ ಸಡಿಲಗೊಂಡು ಸಿಗ್ನಲ್ಲಿನಲ್ಲಿ ಮೆಲ್ಲನೆಯ ಒಂದು ಇಳಿತ ಮೂಡುತ್ತದೆ. ಎದುರಿನ ಅಂಚಿಗೆ ತಾಗಿದಾಗ ಚೂಪಾದ ಪೆಟ್ಟು ಬೀಳುತ್ತದೆ. ಗುಂಡು ದೊಡ್ಡದು, ಗುಳಿ ಚಿಕ್ಕದು ಆಗಿರುವುದರಿಂದ ಗುಂಡಿನ ಕೇಂದ್ರ ಗುಳಿಯ ನಡುವಿಗೆ ಬರುತ್ತಿದ್ದಂತೆಯೇ ಎದುರಿನ ಅಂಚು ತಾಗಿಬಿಡುತ್ತದೆ. ಆದ್ದರಿಂದ ಎರಡರ ನಡುವಿನ ಕಾಲ ಅರ್ಧ ಅಗಲಕ್ಕೆ ಸಮ. ನಿಮ್ಮ 1 ಮಿ.ಮೀ. ಗುಳಿಗೆ 0.35 ಮಿಲಿಸೆಕೆಂಡ್, 20,000ದ ಸ್ಯಾಂಪಲಿಂಗಿನಲ್ಲಿ ಏಳು ಬಿಂದುಗಳು. ಇದನ್ನು ಮರೆತವರ ಅಂದಾಜು ನೇರ ಅರ್ಧಕ್ಕೆ ಇಳಿಯುತ್ತದೆ. ಒಂದು ಪೆಟ್ಟಿನಲ್ಲಿ ಆ ಮೆಲ್ಲನೆಯ ಇಳಿತ ಕಾಣದು. ನೂರಾರು ಪೆಟ್ಟುಗಳನ್ನು ಒಂದರ ಮೇಲೊಂದು ಜೋಡಿಸಿ ಸರಾಸರಿ ತೆಗೆದಾಗ ಮೇಲೆ ಬರುತ್ತದೆ. ಮೊದಲು ಮಾದರಿಯಲ್ಲಿ ಇಷ್ಟೇ ಗದ್ದಲ ಬೆರೆಸಿ, ನಿಮಗೆ ಗೊತ್ತಿರುವ ಅಗಲವನ್ನು ನಿಮ್ಮ ವಿಧಾನ ಮರಳಿ ಹೇಳುತ್ತದೆಯೇ ಎಂದು ಪರೀಕ್ಷಿಸಿ. ಅದು ಹೇಳದಿದ್ದರೆ ಮೋಟಾರಿನ ಬಳಿ ಹೋಗುವ ಅಗತ್ಯವೇ ಇಲ್ಲ.

ಮಲ್ಪೆಯ ಯಂತ್ರವೆಂದ ಮೇಲೆ ಇನ್ನೊಂದು ಸಂಗತಿಯನ್ನು ಹೇಳಲೇಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆ 61 ದಿನಗಳಲ್ಲಿ ಮಂಜುಗಡ್ಡೆಗೆ ಗಿರಾಕಿ ಕಡಿಮೆ. ಕೆಲವು ಪಂಪುಗಳು ನಿಂತಿರುತ್ತವೆ, ಪಕ್ಕದಲ್ಲಿ ಕಂಪ್ರೆಸರ್ ಮಾತ್ರ ಆಗಾಗ ಓಡುತ್ತಿರುತ್ತದೆ. ನಿಂತ ಮೋಟಾರಿನ ಗುಂಡುಗಳು ನೆಲದ ಅದುರಿಗೆ ಇದ್ದಲ್ಲಿಯೇ ಉಜ್ಜಿ, ಗ್ರೀಸನ್ನು ಪಕ್ಕಕ್ಕೆ ತಳ್ಳಿ, ರೇಸಿನ ಮೇಲೆ ತಮ್ಮ ಅಂತರಕ್ಕೆ ಸರಿಯಾಗಿ ಗುರುತು ಕೊರೆಯುತ್ತವೆ. ಮಳೆಗಾಲದ ಉಪ್ಪುಗಾಳಿಯ ತೇವ ಒಳಸೇರಿದರೆ ಅದೇ ಜಾಗಗಳಲ್ಲಿ ತುಕ್ಕು ಕೂರುತ್ತದೆ. 9 ಗುಂಡುಗಳ ಬೇರಿಂಗಿನಲ್ಲಿ ಈ ಗುರುತುಗಳ ನಡುವೆ 40 ಡಿಗ್ರಿ ಅಂತರ. ಮಾದರಿಯಲ್ಲಿ ಇದನ್ನು ಹಾಕಿ ನೋಡಿ: ಭಾರದ ಭಾಗದಲ್ಲಿ ಮೂರು ಗುರುತುಗಳಿದ್ದರೂ ಮೂರು ಗುಂಡುಗಳು ಒಟ್ಟಿಗೇ ಅವುಗಳ ಮೇಲೆ ಬರುವುದರಿಂದ ಎಣಿಕೆ 86 ಆಗಿಯೇ ಉಳಿಯುತ್ತದೆ, 258 ಆಗುವುದಿಲ್ಲ. ಆದರೆ ಕೇಜಿನ ಸಡಿಲದಿಂದ ಮೂರು ಪೆಟ್ಟುಗಳು ಸ್ವಲ್ಪ ಹಿಂದುಮುಂದಾಗಿ ಬಿದ್ದು ಒಂದೇ ಅಗಲವಾದ ಗುಳಿಯಂತೆ ನಟಿಸುತ್ತವೆ. ಅಂಥಲ್ಲಿ ಮೇಲೆ ಹೇಳಿದ ಅಗಲದ ಅಂದಾಜು ಮೋಸಹೋಗುತ್ತದೆ. ಸದ್ದು ಆಗಸ್ಟಿನಲ್ಲಿ ಪ್ಲಾಂಟ್ ಪೂರ್ತಿಯಾಗಿ ಚಾಲೂ ಆದ ಮೇಲೆ ಶುರುವಾಯಿತೇ ಎಂದು ಫಿಟ್ಟರನ್ನು ಕೇಳಿ. ಹೌದಾದರೆ ನನ್ನ ಅನುಮಾನ ಒಂದೇ ಗುಳಿಯ ಮೇಲಲ್ಲ, ಈ ಗುರುತುಗಳ ಮೇಲೆ. ಮುಂದಿನ ರಜೆಯಲ್ಲಿ ವಾರಕ್ಕೊಮ್ಮೆ ಶಾಫ್ಟನ್ನು ಕೈಯಿಂದ ತಿರುಗಿಸಿ ಬೇರೆ ಜಾಗದಲ್ಲಿ ನಿಲ್ಲಿಸಲು ಹೇಳಿ.

ಮಷಿನ್ ಲರ್ನಿಂಗ್ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ನಿಮ್ಮ ಗೆಳೆಯರು ಬಹುಶಃ ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಉಚಿತ ದತ್ತಾಂಶವನ್ನು ಬಳಸುತ್ತಾರೆ. ಅದರಲ್ಲಿ ಮುಖ್ಯ ಬೇರಿಂಗ್ ನಿಮ್ಮದೇ 6205 ಆಗಿರುವುದರಿಂದ ನಿಮ್ಮ ಮಾದರಿಯನ್ನು ಒರೆಗೆ ಹಚ್ಚಲು ಅದು ಚೆನ್ನಾಗಿದೆ: 1797 ಆರ್‌ಪಿಎಂನಲ್ಲಿ ಹೊರ ರೇಸಿನ ಎಣಿಕೆ 107.4 ಬರಬೇಕು. ಆದರೆ ಅಲ್ಲಿಯ ಗುಳಿಗಳು 0.18 ಮಿ.ಮೀ.ನಿಂದ ಆರಂಭಿಸಿ ವಿದ್ಯುತ್ ಕಿಡಿಯಿಂದ ಕೊರೆದ ಚೊಕ್ಕ ಗುಳಿಗಳು. ತಾವಾಗಿ ಚಕ್ಕೆ ಎದ್ದವಲ್ಲ. ಒಂದೇ ಬೇರಿಂಗಿನ ದಾಖಲೆಯನ್ನು ತುಂಡು ಮಾಡಿ ಅರ್ಧದಿಂದ ಕಲಿಸಿ, ಅರ್ಧದಿಂದ ಪರೀಕ್ಷಿಸಿದರೆ ಶೇಕಡಾ 99 ಅಂಕ ಬರುವುದು ಆಶ್ಚರ್ಯವಲ್ಲ. ಯಂತ್ರ ಕಲಿತದ್ದು ಆ ಬೇರಿಂಗನ್ನು, ಗುಳಿಯನ್ನಲ್ಲ. ಕಲಿಸಿದ ಬೇರಿಂಗೇ ಬೇರೆ, ಪರೀಕ್ಷಿಸುವ ಬೇರಿಂಗೇ ಬೇರೆ ಇಟ್ಟು ನೋಡಲು ಹೇಳಿ. ಕೆಟ್ಟ ಬೇರಿಂಗುಗಳ ದಾಖಲೆ ಯಾವ ಪ್ಲಾಂಟಿನಲ್ಲೂ ಸಾಕಷ್ಟು ಇರುವುದಿಲ್ಲ. ಆ ಕೊರತೆಯನ್ನು ತುಂಬಲು ತಿದ್ದಿದ ಮಾದರಿಯಿಂದ ಹುಟ್ಟಿಸಿದ ಸಿಗ್ನಲ್‌ಗಳನ್ನು ಬಳಸುವುದಾದರೆ ನೀವಿಬ್ಬರೂ ಒಟ್ಟಿಗೆ ಕೆಲಸ ಮಾಡಬಹುದು.

ಕೊನೆಯದಾಗಿ, ಹೊಸ ಅಳತೆ ತೆಗೆದ ಮೇಲೆ ಬೇರಿಂಗ್ ಬದಲಿಸುವ ದಿನ ನೀವು ಅಲ್ಲಿರಬೇಕು. ಎಂಡ್ ಶೀಲ್ಡ್ ತೆಗೆದ ಕೂಡಲೇ, ಪುಲ್ಲರ್ ಹಾಕುವ ಮೊದಲೇ, ಶೀಲ್ಡ್ ರೇಸಿನ ಮೇಲೆ ಬಿಟ್ಟ ಅಚ್ಚನ್ನು ನೋಡಿ ಹೊರ ರೇಸಿನ ಮೇಲ್ಭಾಗ ಯಾವುದೆಂದು ಮಾರ್ಕರಿನಿಂದ ಗೆರೆ ಎಳೆಯಿರಿ. ಭಾರದ ಭಾಗ ಅದಕ್ಕೆ ಎದುರಾಗಿ ಕೆಳಗಿರುತ್ತದೆ. ಪುಲ್ಲರ್ ರೇಸಿನ ಮೇಲೆ ಹೊಸ ಗಾಯ ಮಾಡುವುದರಿಂದ ಯಾವುದು ಹಳೆಯದು ಎಂಬ ಗೊಂದಲ ಬರಬಾರದು. ಹಳೆಯ ಬೇರಿಂಗನ್ನು ಗುಜರಿಗೆ ಹಾಕಲು ಬಿಡದೆ ಕೇಳಿ ತನ್ನಿ, ಸೀಮೆಎಣ್ಣೆಯಲ್ಲಿ ತೊಳೆಯಿರಿ, ಹೊರ ರೇಸನ್ನು ಗ್ರೈಂಡರಿನಿಂದ ಗುಳಿಯಿಂದ ದೂರದಲ್ಲಿ ಕತ್ತರಿಸಿ ತೆರೆಯಿರಿ. ಕತ್ತರಿಸುವಾಗ ಕಣ್ಣಿಗೆ ಕನ್ನಡಕ ಇರಲಿ. ಗುಳಿ ಒಂದೇ ಇದೆಯೇ, 40 ಡಿಗ್ರಿ ಅಂತರದಲ್ಲಿ ಮೂರು ಇವೆಯೇ, ಅಗಲ ಎಷ್ಟು ಎಂಬುದನ್ನು ಪ್ರಯೋಗಾಲಯದ ಸೂಕ್ಷ್ಮದರ್ಶಕದಲ್ಲಿ ಅಳೆದು, ನಿಮ್ಮ ಅಂದಾಜಿನ ಪಕ್ಕದಲ್ಲಿ ಬರೆಯಿರಿ. ಅಂದಾಜನ್ನು ಬಿಚ್ಚುವ ಮೊದಲೇ ಬರೆದು ಗೈಡ್ ಅವರ ಸಹಿ ಹಾಕಿಸಿಟ್ಟಿರಿ.